ಅಡಿವೆಪ್ಪ ಬರೆದ ಬಿಲ್ಟಿ

ನಗೋದಾದ್ರ ಆಮ್ಯಾಲೆ ನಗ್ರಿ, ಮೊದಲು ಆ ತಾಯಿ ಗೋಳು ಕೇಳ್ರಿ. ಬ್ಯಾಡಗಿಯೊಳಗ ತಿಪ್ಪವ್ವ ಅಂತ ಒಬ್ಬಾಕಿ. ಆಕಿಗೆ ಒಬ್ಬನೇ ಮಗ, ಅಡಿವೆಪ್ಪ. ಅಕ್ಷರ ಮುತ್ತಿನಂಗ, ತಲಿ ಮಾತ್ರ ಖಾಲಿ ಗಡಗಿ! ಇವನನ್ನ ಬಿಟ್ಟು ಹೋಗೋ ಧೈರ್ಯ ಇಲ್ಲದ ತಿಪ್ಪವ್ವ ಕೊಪ್ಪಳದಾಗಿನ ತಂಗಿ ನಿಂಬೆವ್ವನ ಮಾರಿ ನೋಡಿ ಹನ್ನೆರಡು ವರ್ಷ ಆಗಿತ್ತು.

"ಒಂದ ತಿಂಗಳು ಒಂದು ಕೆಲಸಕ್ಕ ನೆಟ್ಟಗ ನಿಲ್ಲೋ ನನ್ನಪ್ಪಾ, ನಾ ತಂಗೀನ ನೋಡಿ ಬರ್ತೀನಿ" ಅಂತ ಅತ್ತು, ಲಾರಿ ಆಫೀಸಿನ ಸಾವ್ಕಾರ್ರ ಕಾಲು ಹಿಡಿದು, ಅವನನ್ನ ಬಿಲ್ಟಿ ಬರಿಯಾಕ ಕೂಡಿಸಿದಳು. ಬಿಲ್ಟಿ ಅಂದ್ರ ಲಾರಿಗೆ ಹಾಕಿದ ಮಾಲಿನ ಚೀಟಿ. ಅದರಾಗ ಬರೆದದ್ದ ಖರೆ, ಉಳಿದದ್ದೆಲ್ಲಾ ಸುಳ್ಳು.

"ಕಣ್ಣಿಗೆ ಕಂಡದ್ದ ಬರಿ, ಊಹಿಸಿ ಬರೀಬ್ಯಾಡ" ಅಂದ್ರು ಸಾವ್ಕಾರ್ರು.

"ಹೂಂರೀ!"

ಐವತ್ತು ಚೀಲ ಮೆಣಸಿನಕಾಯಿ ಬಂತು. ಕಣ್ಣಿಗೆ ಕಂಡದ್ದು ಗೋಣಿ. "ಗೋಣಿಚೀಲ ಐವತ್ತು" ಅಂತ ಬರೆದ. ಮಾಲು ತಪಾಸಣಿ ಮಾಡೋ ನಾಕಾದಾಗ ಲಾರಿ ಹಿಡಿದ್ರು. ಕಾಗದದಾಗ ಗೋಣಿ, ಲಾರಿಯಾಗ ಘಾಟು! ಒಂದು ದಿನ ಪೂರ್ತಿ ಡ್ರೈವರ್ ಸೀನಿಕೋತ ಅಲ್ಲೇ ಕುಂತ.

"ಏ ಪೆದ್ದಪ್ಪಾ! ಒಳಗ ಏನೈತಿ ಅಂತ ಬಿಚ್ಚಿ ನೋಡಿ ಬರೀಬೇಕೋ!"

"ಹೂಂರೀ!"

ಮರುದಿನ ಬಾಯಿ ಕಟ್ಟಿದ ಹನ್ನೆರಡು ಉಪ್ಪಿನಕಾಯಿ ಭರಣಿ ಬಂದ್ವು. ಹನ್ನೆರಡೂ ಬಿಚ್ಚಿದ. ಹನ್ನೆರಡರಾಗೂ ಕೈ ಹಾಕಿದ. "ಎಲ್ಲಾ ಮಾವಿನಕಾಯಿ, ಒಂದರಾಗ ಉಪ್ಪು ಕಡಿಮಿ" ಅಂತ ಬರೆದ.

"ಅಯ್ಯಯ್ಯೋ, ಮುಟ್ಟಬ್ಯಾಡೋ ಮಾರಾಯಾ! ಕಳಸೋರನ್ನ ಕೇಳು, ಅವರು ಹೇಳಿದಂಗ ಬರಿ!"

"ಹೂಂರೀ!"

ಮಗಳ ಮನಿಗೆ ತೊಟ್ಟಿಲು ಕಳಸಾಕ ಶಾವಂತ್ರವ್ವ ಬಂದಳು. ಆಕಿ ಬಾಯಿಗೆ ಬಾಗಲಾ ಇಲ್ಲ, ಇವನ ಕೈಗೆ ತಡಿ ಇಲ್ಲ. "ತೊಟ್ಟಿಲು ಒಂದು. ಮಗಳು ಹಡದಾಳ. ಅಳಿಯ ಶುದ್ಧ ಮೈಗಳ್ಳ, ಒಂದು ತೊಟ್ಟಿಲು ತರೋ ಯೋಗ್ಯತಿ ಇಲ್ಲ ಅವಂಗ." ಅಳಿಯ ಬಿಲ್ಟಿ ಓದಿದ. ತೊಟ್ಟಿಲು ಅದೇ ಲಾರಿಗೆ ವಾಪಸ್ ಬಂತು. ಶಾವಂತ್ರವ್ವ ಆಫೀಸಿಗೆ ಬಂದು ಮಾಡಿದ ರಂಪ ಮೂರು ಓಣಿಗೆ ಕೇಳಿಸಿತು.

"ಇವನನ್ನ ಕರಕೊಂಡು ಹೋಗಬೇ!" ಅಂದ್ರು ಸಾವ್ಕಾರ್ರು. ತಿಪ್ಪವ್ವ ಸೆರಗೊಡ್ಡಿ ಬೇಡಿಕೊಂಡಳು. ಸಾವ್ಕಾರ್ರು ಕರಗಿದ್ರು. "ಆತು. ಕೇಳಲೇ, ಹರಟಿ ಬ್ಯಾಡ. ಏನು, ಎಷ್ಟು, ಯಾರಿಗೆ, ಮೂರ ಬರಿ. ಬಿಲ್ಟಿ ಇಲ್ಲದ ಒಂದು ಕಡ್ಡಿನೂ ಲಾರಿ ಹತ್ತಬಾರದು!"

"ಹೂಂರೀ!"

ಏನು ಹೇಳಲಿ, ಮೂರು ವಾರ ಒಂದೂ ತಪ್ಪಿಲ್ಲ! ತಿಪ್ಪವ್ವನ ಹೊಟ್ಟಿ ತಣ್ಣಗಾತು. ಸಾವ್ಕಾರ್ರೇ ಆಕೀನ ಕರೆದು, "ಕೊಪ್ಪಳಕ್ಕ ಲಾರಿ ಹೊಂಟೈತಿ, ಡ್ರೈವರ್ ಬಾಜೂ ಕುಂತು ಹೋಗಿ ಬಾರವಾ" ಅಂದ್ರು. ಆಕಿ ಗಂಟು ಹಿಡಕೊಂಡು ಲಾರಿ ಮ್ಯಾಲೆ ಕಾಲಿಟ್ಟಳು.

"ನಿಲ್ಲಬೇ ಯವ್ವಾ! ಬಿಲ್ಟಿ!"

ತಾಯೀನ ಇಳಿಸಿ ತಕ್ಕಡಿ ಮ್ಯಾಲೆ ನಿಲ್ಲಿಸಿದ. "ತಾಯಿ ಒಂದು. ಅರವತ್ತೆರಡು ಕಿಲೋ. ಯಾರಿಗೆ ಕೊಡಬೇಕಬೇ?"

ತಿಪ್ಪವ್ವಗ ಸಾಕಾಗಿ ಹೋಗಿತ್ತು. ಹಣಿ ಹಣಿ ಬಡಕೊಂಡು, "ಯಮಗ ಕೊಡೋ ನನ್ನ!" ಅಂದಳು.

ಬರೆದ. ಡ್ರೈವರ್ ಬಿಲ್ಟಿ ಕಿಸೇದಾಗ ಇಟ್ಟುಕೊಂಡು ಲಾರಿ ಬಿಟ್ಟ.

ಕೊಪ್ಪಳದ ಗೋದಾಮಿನವ ಅಡಿವೆಪ್ಪಗ ಅಣ್ಣನಾಗಿ ಹುಟ್ಟಬೇಕಿತ್ತು, ಅಂಥಾ ಕಾಯ್ದೆದ ಮನಿಶಾ! ನಿಂಬೆವ್ವ ಕೈ ಚಾಚಿ ಓಡಿ ಬಂದ್ರ ಗೇಟ್ ಹಾಕಿಬಿಟ್ಟ. "ಬಿಲ್ಟಿಯಾಗ ನಿಮ್ಮ ಹೆಸರಿಲ್ಲ. ಹೆಸರಿದ್ದವರು ಬಂದು ಸಹಿ ಮಾಡಿದ್ರ ಬಿಡ್ತೀನಿ."

ಅಕ್ಕ ಒಳಗ, ತಂಗಿ ಹೊರಗ. ಹನ್ನೆರಡು ವರ್ಷದ ಮ್ಯಾಲೆ ಕಂಡವರು ಕಬ್ಬಿಣದ ಸರಳಿನಾಗ ಬೆರಳು ತೂರಿಸಿ ಅತ್ತರು. ಕಡೀಕ ತಿಪ್ಪವ್ವ ಗೋದಾಮಿನ ಫೋನ್ ಹಚ್ಚಿ ಮಗನ ಮುಂದ ಗೊಳೋ ಅಂದಳು.

"ಅಳಬ್ಯಾಡಬೇ ಯವ್ವಾ!" ಅಂದ ಅಡಿವೆಪ್ಪ. "ಎಲ್ಲಿದ್ರೂ ಬಿಡಂಗಿಲ್ಲ, ಆ ಯಮನ್ನ ಹುಡುಕಿ ಈಗಿಂದೀಗ ನಿನ್ನ ಹಂತ್ಯಾಕ ಕಳಸ್ತೀನಿ!"