ಪಾಲವ್ವನ ಚಾಪೆ

ನಮ್ಮಜ್ಜನ ಅಜ್ಜನೂ ಹುಟ್ಟಿರದ ಕಾಲದಲ್ಲಿ, ಹಗರಿ ಹೊಳೆಯ ದಂಡೆಗೆ ಒಂದು ಊರಿತ್ತಂತೆ. ಆ ಊರಲ್ಲಿ ಪಾಲವ್ವ ಅಂತ ಒಬ್ಬಳಿದ್ದಳಂತೆ. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಆದರೂ ಬಯಲಾಟ ಅಂದರೆ ಎಲ್ಲರಿಗಿಂತ ಮುಂಚೆ ಬಂದು ಎದುರಿಗೇ ಚಾಪೆ ಹಾಸುವಳಂತೆ. ಮದ್ದಳೆ ಕೇಳದವಳಿಗೆ ಆಟ ಯಾಕೆ ಅಂತ ಜನ ಆಡಿಕೊಂಡರಂತೆ. ಆಡಿಕೊಳ್ಳುವುದಕ್ಕೆ ಜನಕ್ಕೆ ಪುರುಸೊತ್ತು ಇದ್ದೇ ಇರುತ್ತದೆ.

ಅದೇ ಊರಲ್ಲಿ ಹೆಣ್ಣುವೇಷ ಕಟ್ಟುವ ಗಾದಿಲಿಂಗ ಇದ್ದನಂತೆ. ಒಳ್ಳೆಯ ಕುಣಿತಗಾರ. ಆದರೆ ಮಗನನ್ನು ಕಳಕೊಂಡ ತಾಯಿಯ ಪಾತ್ರಕ್ಕೆ ಬಂದರೆ ಜನ ಕಿಸಕ್ಕನೆ ನಗುವರು. ಯಾಕೆಂದು ಅವನಿಗೂ ತಿಳಿಯದು, ಜನಕ್ಕೂ ತಿಳಿಯದು. ಆಟದ ಗುರು ಬೇಸತ್ತು, "ಈ ಸಲಾನೂ ಮಂದಿ ನಕ್ರೆ ಗೆಜ್ಜಿ ಬಿಚ್ಚಿಟ್ಟು ಮನೀಗೆ ನಡಿ ತಮ್ಮಾ," ಅಂದನಂತೆ. ಗೆಜ್ಜೆ ಬಿಟ್ಟರೆ ಗಾದಿಲಿಂಗನಿಗೆ ಬೇರೆ ಬದುಕೇ ಇರಲಿಲ್ಲ.

ಎಲ್ಲರೂ ನಕ್ಕಾಗ ಪಾಲವ್ವ ಒಬ್ಬಳೇ ನಗದೆ, ಕುಣಿಯುವ ಅವನ ಕಾಲನ್ನೇ ನೋಡುತ್ತಿದ್ದುದು ಗಾದಿಲಿಂಗನಿಗೆ ನೆನಪಾಯಿತು. ಅವಳ ಅಂಗಳಕ್ಕೆ ಹೋಗಿ, ಹಾಡು ಮದ್ದಳೆ ಏನೂ ಇಲ್ಲದೆ ಕುಣಿದು ತೋರಿಸಿದನಂತೆ. ಅವಳು ಅವನ ಮುಖ ತೋರಿಸಿ ಕಣ್ಣೀರು ಒರೆಸಿದ ಹಾಗೆ ಮಾಡಿದಳು. ಆಮೇಲೆ ಪಾದ ತೋರಿಸಿ, ಮದುವೆಮನೆಯ ಹೆಂಗಸರಂತೆ ಹೆಜ್ಜೆ ಹಾಕಿದಳು. ಮುಖ ಅಳುತ್ತಿದೆ, ಕಾಲು ಸಂಭ್ರಮಪಡುತ್ತಿದೆ. ಗಾದಿಲಿಂಗನಿಗೆ ನಾಚಿಕೆಯಾಯಿತು. ಅವಳು ತನ್ನ ಕಣ್ಣು ಮುಟ್ಟಿ ಊರಿನ ಕಡೆ ಕೈ ಮಾಡಿದಳಂತೆ, ಹೋಗಿ ನೋಡು ಅಂತ.

ಅವನು ನೋಡಿದ. ಬಾವಿಕಟ್ಟೆಯಲ್ಲಿ ನೋಡಿದ, ಕಣದಲ್ಲಿ ನೋಡಿದ, ನೊಂದವರು ಹೇಗೆ ಏಳುತ್ತಾರೆ, ಎಲ್ಲಿ ತಡೆದು ನಿಲ್ಲುತ್ತಾರೆ ಅಂತ ನೋಡಿದ. ಒಂದು ದಿನ ಪಾಲವ್ವ ನೀರು ಹೊತ್ತು ಬರುತ್ತಿದ್ದಳು. ನಡೆಯುತ್ತ ಅವಳ ಎಡಗೈ ಸೊಂಟಕ್ಕೆ ಹೋಗಿ, ಜಾರುವ ಕೂಸನ್ನು ಮೇಲೆತ್ತಿಕೊಂಡಿತಂತೆ. ಸೊಂಟದಲ್ಲಿ ಕೂಸಿರಲಿಲ್ಲ. ಕೈ ಅಲ್ಲೇ ಅರೆಗಳಿಗೆ ನಿಂತು ಕೆಳಗಿಳಿಯಿತು.

ಅವಳ ಮಗ ಜ್ವರ ಬಂದು ತೀರಿಕೊಂಡು ಎಷ್ಟೋ ಕಾಲವಾಗಿತ್ತಂತೆ. ಆ ಊರಲ್ಲಿ ಸತ್ತವರ ಮುಂದೆ ಹೆಂಗಸರು ಹಾಡಿಕೊಂಡು ಅಳುವುದು ಪದ್ಧತಿ. ಪಾಲವ್ವ ಹಾಡಲಿಲ್ಲ. ಅದಕ್ಕೇ ಜನ, ಇವಳಿಗೆ ಕರುಳೇ ಇಲ್ಲ ಅಂದುಬಿಟ್ಟಿದ್ದರಂತೆ.

ಗಾದಿಲಿಂಗ ಅವಳ ಮುಂದೆ, ಅವಳ ಎಡಗೈ ಮಾಡಿದ್ದನ್ನೇ ಮಾಡಿ ತೋರಿಸಿ, ಆಟದಲ್ಲಿ ಮಾಡಲೇ ಅಂತ ಕೈಮುಗಿದನಂತೆ. ಅವಳು ಬಹಳ ಹೊತ್ತು ನೋಡಿ, ಆಗಲಿ ಅಂತ ತಲೆಯಾಡಿಸಿದಳು.

ಆಟದ ದಿನ ತಾಯಿಯ ಪಾತ್ರ ಬಂತು. ಗಾದಿಲಿಂಗ ಕುಣಿಯಲಿಲ್ಲ, ಸುಮ್ಮನೆ ನಡೆದ. ಎಡಗೈ ಸೊಂಟಕ್ಕೆ ಹೋಯಿತು, ಇಲ್ಲದ ಕೂಸನ್ನು ಎತ್ತಿಕೊಂಡಿತು, ನಿಂತಿತು. ಯಾರೂ ನಗಲಿಲ್ಲ. ಮದ್ದಳೆಯವನ ಕೈಯೂ ನಿಂತಿತಂತೆ. ಸೊಂಟಕ್ಕೆ ಹೋದ ಆ ಕೈ ಯಾರದೆಂದು ಊರಿಗೆಲ್ಲ ತಿಳಿಯಿತು. ದಿನಾ ಬೀದಿಯಲ್ಲಿ ಕಂಡದ್ದೇ. ಒಬ್ಬೊಬ್ಬರೇ ಪಾಲವ್ವನ ಚಾಪೆಯ ಕಡೆ ತಿರುಗಿದರಂತೆ. ಹೆಂಗಸರು ಎದ್ದು ಹೋಗಿ ಪಾಲವ್ವನ ಸುತ್ತ ಕೂತು, ಅವಳ ಮಗನ ಹೆಸರು ಹಿಡಿದು, ಅವಳು ಹಾಡದೆ ಉಳಿದದ್ದನ್ನು ತಾವು ಹಾಡಿ ಅತ್ತರಂತೆ. ಅವಳಿಗೆ ಕೇಳಿಸಲಿಲ್ಲ. ಅಳುವಿಗೆ ಅದುರುವ ಅವರ ಭುಜ ನೋಡಿದಳು, ತಿಳಿಯಿತು.

ಈಗಲೂ ಆ ಕಡೆ ಹೊಸ ಆಟ ಕಟ್ಟಿದರೆ, ಮೊದಲ ಸಲ ಹಾಡು ಮದ್ದಳೆ ಇಲ್ಲದೆ, ಹಾಸಿದ ಒಂದು ಖಾಲಿ ಚಾಪೆಯ ಮುಂದೆ ಕುಣಿಯುತ್ತಾರೆ. ಮತ್ತೆ, ಸಾವಿನ ಮನೆಯಲ್ಲಿ ಯಾರಾದರೂ ಅಳದೆ ಕೂತಿದ್ದರೆ, ಹೆಂಗಸರು ಮೊದಲು ಅವರ ಕೈ ನೋಡಿ, ಪಕ್ಕಕ್ಕೆ ಹೋಗಿ ಕೂರುತ್ತಾರೆ.