ಗೋಡೆಯಾಚೆ ಕೇಳಿದ ಹಾಡು

ಭದ್ರಾವತಿಯ ಒಂದು ವಠಾರದಲ್ಲಿ ಚಿದಾನಂದ ಎಂಬ ಗಿಟಾರ್ ವಾದಕನಿದ್ದ. ರಾಕ್ ಹಾಡು ಕಟ್ಟುತ್ತಿದ್ದ. ಸ್ಟುಡಿಯೋಗೆ ಹೋಗುವ ಅನುಕೂಲವಿರಲಿಲ್ಲ. ಮಲಗುವ ಕೋಣೆಯ ಕಿಟಕಿಗೆ ಹಾಸಿಗೆ ಒರಗಿಸಿ, ಗಿಟಾರನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು ಒಂದು ಇಡೀ ಆಲ್ಬಮ್ ರೆಕಾರ್ಡ್ ಮಾಡುತ್ತಿದ್ದ. ಎಲ್ಲವೂ ತನ್ನ ಬದುಕಿನ ಹಾಡುಗಳು. ಒಂದಕ್ಷರ ಸುಳ್ಳಿಲ್ಲ ಎಂದು ಗೆಳೆಯರಿಗೆ ಹೇಳಿಕೊಂಡಿದ್ದ.

ಅವನು ಹಾಡುವಾಗ ಹೊರಗೆ ಅಕ್ಕ ನಾಗವೇಣಿ ಹೊಲಿಗೆ ಯಂತ್ರ ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದಳು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ.

ಕೊನೆಯ ದಿನ ಬಂತು. ಸಂಜೆ ಡ್ರಮ್ ಬಾರಿಸುವ ಇರ್ಫಾನ್ ಬಂದು ಹಾಡುಗಳನ್ನು ಒಯ್ದು, ರಾತ್ರಿಯೇ ಅವಕ್ಕೆ ಡ್ರಮ್ ಸೇರಿಸಬೇಕು. ಮಾರನೆಯ ದಿನ ಅವು ಊರಿಗೆಲ್ಲ ಕೇಳಬೇಕು. ಮಧ್ಯಾಹ್ನ ಚಿದಾನಂದ ಊಟಕ್ಕೆ ಕೂತ. ಅಕ್ಕ ಸಾರು ಬಡಿಸುತ್ತ, ನೀನು ಅಮ್ಮನ ಮೇಲೆ ಕಟ್ಟಿದ ಹಾಡು ಕೇಳಿ ಅಳು ಬಂತು ಎಂದಳು.

ಅವನ ಕೈ ತಟ್ಟೆಯಲ್ಲೇ ನಿಂತಿತು. ನಿನಗೆ ಹೇಗೆ ಕೇಳಿತು ಎಂದ.

"ನೀನು ಕಿವಿ ಮುಚ್ಕೊಂಡ್ರೆ ನಮ್ಮ ಕಿವಿನೂ ಮುಚ್ಚುತ್ತೇನೋ? ಗಿಟಾರು ನಿನಗೊಬ್ಬನಿಗೇ ಕೇಳೋದು. ನಮಗೆ ಬರೀ ನಿನ್ನ ಮಾತು." ಇನ್ನೊಂದು ಸೌಟು ಸಾರು ಹಾಕಿ ಹೇಳಿದಳು: "ಚಿಲಕದ ಹಾಡು ಮಾತ್ರ ಸುಳ್ಳು ಕಣೋ ಚಿದು."

ಗೆಳೆಯರು ಹೆಚ್ಚು ಮೆಚ್ಚಿದ್ದು ಅದನ್ನೇ. ಹಿಂದೊಮ್ಮೆ ಅವನೂ ಇರ್ಫಾನನೂ ಇದ್ದ ತಂಡ ಬೆಂಗಳೂರಿನ ಸ್ಪರ್ಧೆಗೆ ಹೊರಟಿತ್ತು. ಚಿದಾನಂದ ಹೋಗಲಿಲ್ಲ. ಅವನಿಲ್ಲದೆ ತಂಡ ಸೋತಿತು, ಒಡೆಯಿತು. ಅಕ್ಕ ಚಿಲಕ ಹಾಕಿ ಕೂಡಿಹಾಕಿದಳು ಎಂದು ಅವನು ಎಲ್ಲರಿಗೂ ಹೇಳಿದ್ದ. ಹಾಡಿನಲ್ಲೂ ಅದನ್ನೇ ಕೂಗಿದ್ದ. ನಡೆದದ್ದು ಬೇರೆ. ಅಕ್ಕ ಅಂಗಿ ಇಸ್ತ್ರಿ ಮಾಡಿ, ಬುತ್ತಿ ಕಟ್ಟಿ, ಹೊರಡೋ ಎಂದು ಗೋಗರೆದಿದ್ದಳು. ಇವನು ವೇದಿಕೆಗೆ ಹೆದರಿ, ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿದ್ದ.

ಹಾಡು ತೆಗೆದರೆ ಆಲ್ಬಮ್ ಸಪ್ಪೆ. ನಿಜ ಹೇಳಿದರೆ ಇರ್ಫಾನ್ ಕೈಬಿಟ್ಟಾನು. ಹಾಗೇ ಕಳಿಸಿದರೆ ಅಕ್ಕ ಊರ ಬಾಯಿಗೆ ಬೀಳುತ್ತಾಳೆ. ತೆಗೆ ಎಂದು ಅವಳು ಕೇಳಲಿಲ್ಲ. ಅದೇ ಅವನನ್ನು ಕೊರೆಯಿತು.

ಇರ್ಫಾನ್ ಬಂದ. ನಾಗವೇಣಿ ಚಾಪೆ ಹಾಸಿದಳು. ಅವಳ ಮೇಲಿನ ಹಳೆಯ ಸಿಟ್ಟಿಗೆ ಅವನು ಮುಖ ತಿರುಗಿಸಿ ಹೊಸ್ತಿಲಲ್ಲೇ ನಿಂತ. ಒಂದು ಹಾಡು ಬಾಕಿ ಇದೆ, ಇಲ್ಲೇ ನಿಂತು ಕೇಳು ಎಂದು ಚಿದಾನಂದ ಒಳಗೆ ಹೋದ. ಅದೇ ರಾಗ, ಬೇರೆ ಮಾತು. ಚಿಲಕ ಹಾಕಿದ ಕೈ ನನ್ನದು ಎಂದು ಹಾಡಿದ. ದನಿ ನಡುವೆ ಒಡೆಯಿತು. ನಿಲ್ಲಿಸಲಿಲ್ಲ.

ಹೊರಗೆ ಬಂದಾಗ ಇರ್ಫಾನ್ ಚಾಪೆಯ ಮೇಲೆ ಕೂತಿದ್ದ. ಇವನ ಕಡೆ ನೋಡಲಿಲ್ಲ.

"ಇಷ್ಟು ವರ್ಷ ನಿಮ್ಮನ್ನ ಬೈಕೊಂಡು ತಿರುಗಿದೆನಲ್ಲ ಅಕ್ಕ," ಎಂದ.

ಆಮೇಲೆ ಚಿದಾನಂದನಿಗೆ, ಈ ಹಾಡಿಗೆ ನಾನು ಬಾರಿಸಲ್ಲ, ಬರೀ ದನಿಯೇ ಇರಲಿ ಎಂದ. ಅದು ಸಿಟ್ಟೋ ಮೆಚ್ಚುಗೆಯೋ ಚಿದಾನಂದನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಹೊಸ ಮಾತಿನ ಹಾಡು ಬರೀ ದನಿಯಲ್ಲೇ ಆಲ್ಬಮ್ ಸೇರಿತು.

ನೀತಿ: ತನ್ನನ್ನು ಬಿಚ್ಚಿಡುತ್ತೇನೆ ಎಂದು ಹೊರಟವನು ಇನ್ನೊಬ್ಬರ ತಪ್ಪಿನಿಂದ ಶುರು ಮಾಡಬಾರದು. ಊರಿಗೆ ಹೇಳುವ ನಿಜವನ್ನು ಮೊದಲು ಮನೆಯವರ ಮುಂದೆ ಹೇಳಿ ನೋಡಬೇಕು.