ಹತ್ತು ಮೈಲಿಗೆ ನಿಲ್ಲುತ್ತಿದ್ದ ಕಾರು

"ಗುರುಗಳೇ, ರೋಗವನ್ನು ತಪ್ಪಿಲ್ಲದೆ ಗುರುತಿಸಬೇಕಾದರೆ ನಾನು ಇನ್ನೆಷ್ಟು ಓದಬೇಕು?" ಎಂದು ಶಂಭುಲಿಂಗ ಕೇಳಿದ. ಅವನು ಮಠದ ವೈದ್ಯಶಾಲೆಯಲ್ಲಿ ಆರು ವರ್ಷದಿಂದ ಕಲಿಯುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಗುಡ್ಡದ ಸೀಮೆಯ ಏಳು ಹಳ್ಳಿಗಳಿಗೆ ಒಂದೇ ಒಂದು ಕಾರು ಇತ್ತು. ಹಳೆಯ ಪೆಟ್ರೋಲ್ ಕಾರು. ಅದನ್ನು ಓಡಿಸುತ್ತಿದ್ದವನು ಮರಿಬಸಪ್ಪ. ಯಾವ ಮನೆಯಲ್ಲಿ ಹೆರಿಗೆ ನೋವು ಕಾಣಿಸಿದರೂ ಜನ ಅವನನ್ನೇ ಕರೆಯುತ್ತಿದ್ದರು. ಆಸ್ಪತ್ರೆ ಇದ್ದದ್ದು ಗುಡ್ಡದ ಆಚೆ, ಮೂವತ್ತು ಮೈಲಿ ದೂರದಲ್ಲಿ. ಹದಿನೆಂಟು ವರ್ಷ ಅವನು ಒಬ್ಬ ಬಸುರಿಯನ್ನೂ ದಾರಿಯಲ್ಲಿ ಇಳಿಸಿದವನಲ್ಲ.

ಒಂದು ಬೇಸಿಗೆಯಲ್ಲಿ ಕಾರು ನಿಲ್ಲತೊಡಗಿತು. ಹತ್ತು ಮೈಲಿ ಚೆನ್ನಾಗಿ ಓಡುವುದು. ಆಮೇಲೆ ಎರಡು ಸಲ ಜಗ್ಗಿ ಸುಮ್ಮನಾಗುವುದು. ಅರ್ಧ ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುವುದು.

ಮರಿಬಸಪ್ಪ ಒಬ್ಬ ಮೆಕ್ಯಾನಿಕ್ಕಿನ ಬಳಿಗೆ ಹೋದ. "ಹತ್ತು ಮೈಲಿ ಓಡಿ..." ಎನ್ನುವಷ್ಟರಲ್ಲಿ ಆತ ಬಾನೆಟ್ ಎತ್ತಿದ್ದ. ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ ಬಿಸಿಯಾಗುತ್ತಿದೆ ಎಂದು ಹೊಸ ಕಾಯಿಲ್ ಹಾಕಿದ. ಕಾರು ಮತ್ತೆ ಹತ್ತು ಮೈಲಿಗೆ ನಿಂತಿತು. ಇನ್ನೊಬ್ಬ, ಇಂಥವು ನೂರು ನೋಡಿದ್ದೇನೆ ಎಂದು ಪೆಟ್ರೋಲ್ ಪಂಪ್ ಬದಲಿಸಿದ. ಮೂರನೆಯವನು ಕಾರ್ಬೊರೇಟರನ್ನೇ ಬಿಚ್ಚಿ ತೊಳೆದ. ಯಾವುದರಿಂದಲೂ ಗುಣ ಕಾಣಲಿಲ್ಲ.

ಒಂದು ದಿನ ನಡುಮಧ್ಯಾಹ್ನ ಕಾರು ಘಾಟಿಯಲ್ಲಿ ನಿಂತಿತು. ಒಳಗೆ ನೋವು ತಿನ್ನುತ್ತಿದ್ದ ಹೆಂಗಸು ಇದ್ದಳು. ಆ ದಾರಿಗೆ ಒಂದು ಲಾರಿ ಬಂದದ್ದರಿಂದ ತಾಯಿ ಮಗು ಉಳಿದರು. ಅಂದಿನಿಂದ ಯಾರೂ ಮರಿಬಸಪ್ಪನನ್ನು ಕರೆಯಲಿಲ್ಲ. ಅವನ ಮುಂದೆ ಯಾರೂ ಏನೂ ಅನ್ನಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. ಕಾರನ್ನು ಗುಜರಿಗೆ ಹಾಕುವುದೆಂದು ನಿಶ್ಚಯಿಸಿ ಹೊರಟ.

ಗುಜರಿಯ ದಾರಿಯಲ್ಲೂ ಅದು ನಿಂತಿತು. ಎದುರಿಗೆ ಒಂದು ಗ್ಯಾರೇಜ್. ತಂದೆ ತೀರಿಕೊಂಡ ಮೇಲೆ ಅದನ್ನು ಖುರ್ಷಿದಾ ಎಂಬ ಹೆಣ್ಣುಮಗಳು ನಡೆಸುತ್ತಿದ್ದಳು. ಅವಳು ಹೊರಗೆ ಬಂದಾಗ ಮರಿಬಸಪ್ಪನೇ ಬಾನೆಟ್ ಎತ್ತಲು ಹೋದ.

"ಅದು ಇರಲಿ ಕಾಕಾ. ಮೊದಲು ನೆರಳಿಗೆ ಬನ್ನಿ, ಕೂತು ಹೇಳಿ," ಎಂದಳು.

ಅವನು ಹೇಳಿದ. ಕಾಯಿಲಿನ ಕತೆ ಹೇಳಿದ, ಪಂಪಿನ ಕತೆ ಹೇಳಿದ, ಘಾಟಿಯಲ್ಲಿ ಆ ಹೆಂಗಸು ತನ್ನ ತೋಳು ಹಿಡಿದು ಅತ್ತದ್ದನ್ನೂ ಹೇಳಿದ. ಖುರ್ಷಿದಾ ಎದ್ದು ಹೋಗಲಿಲ್ಲ. ಕೊನೆಗೆ, ಹೇಳಲು ಇನ್ನೇನೂ ಉಳಿಯದಾಗ, ಅವನು ಸುಮ್ಮನೆ ಒಂದು ಮಾತು ಸೇರಿಸಿದ. "ಒಂದು ವಿಚಿತ್ರ ನೋಡು ತಂಗಿ. ದಾರಿಯಲ್ಲಿ ಪೆಟ್ರೋಲ್ ಹಾಕಿಸಿದ ದಿನ ಮಾತ್ರ ಅಲ್ಲಿಂದ ಇನ್ನೂ ಹತ್ತು ಮೈಲಿ ಹೆಚ್ಚಿಗೆ ಓಡುತ್ತದೆ."

ಖುರ್ಷಿದಾ ಎದ್ದಳು. ಬಾನೆಟ್ಟಿನ ಕಡೆ ಹೋಗದೆ ಕಾರಿನ ಹಿಂದಕ್ಕೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಸುಸ್ಸೆಂದು ಗಾಳಿ ಒಳಗೆ ನುಗ್ಗಿದ ಸದ್ದು ಇಬ್ಬರಿಗೂ ಕೇಳಿಸಿತು. "ಈಗ ಸ್ಟಾರ್ಟ್ ಮಾಡಿ," ಎಂದಳು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಹಳೆಯ ಮುಚ್ಚಳ ಕಳೆದುಹೋಗಿ, ಅಳತೆಗೆ ಸರಿಹೋದ ಬೇರೊಂದನ್ನು ಅವನು ಆ ಬೇಸಿಗೆಯಲ್ಲೇ ಹಾಕಿಕೊಂಡಿದ್ದ. ಅದರಲ್ಲಿ ಗಾಳಿಯಾಡುವ ತೂತು ಇರಲಿಲ್ಲ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸುರಿಯದಲ್ಲ, ಹಾಗೆ ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಬರುತ್ತಿರಲಿಲ್ಲ. ಪೆಟ್ರೋಲ್ ಹಾಕಿಸಲು ಮುಚ್ಚಳ ತೆಗೆದಾಗ, ಇಲ್ಲವೆ ಅರ್ಧ ಗಂಟೆ ನಿಂತು ಸಂದಿಯಿಂದ ಒಂದಿಷ್ಟು ಗಾಳಿ ನುಸುಳಿದಾಗ ಮಾತ್ರ ಕಾರು ಮತ್ತೆ ಓಡುತ್ತಿತ್ತು. ಖುರ್ಷಿದಾ ಮುಚ್ಚಳವನ್ನು ಒಳಗೆ ಒಯ್ದು, ಸೂಜಿಮೊನೆಯಷ್ಟು ತೂತು ಕೊರೆದು ತಂದುಕೊಟ್ಟಳು. ಮರಿಬಸಪ್ಪ ಗುಜರಿಗೆ ಹೋಗದೆ ಊರಿಗೆ ತಿರುಗಿದ.

ನಾಲ್ಕನೆಯ ದಿನ ಬೆಳಿಗ್ಗೆ ಮೇಲಿನ ಹಳ್ಳಿಯ ರೇಣವ್ವನಿಗೆ ನೋವು ಬಂತು. ಮಗು ಅಡ್ಡ ಇದೆ, ತಡಮಾಡಬೇಡಿ ಎಂದು ಸೂಲಗಿತ್ತಿ ಹೇಳಿದಳು. ಯಾರೂ ಕರೆಯದಿದ್ದರೂ ಮರಿಬಸಪ್ಪ ಬಂದು ಬಾಗಿಲಲ್ಲಿ ನಿಂತ. "ಆ ಕಾರು ಬೇಡ," ಎಂದಳು ಅತ್ತೆ. ರೇಣವ್ವ ಅವನ ಮುಖ ನೋಡಿದಳು. ಗೋಡೆ ಹಿಡಿದು ನಡೆದು ತಾನೇ ಕಾರು ಹತ್ತಿದಳು.

ಹತ್ತನೆಯ ಮೈಲಿಗಲ್ಲು ಬಂದಾಗ, ಜೊತೆಗೆ ಹತ್ತಿದ್ದ ಅತ್ತೆ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಳು. ಕಲ್ಲು ಹಿಂದೆ ಸರಿಯಿತು. ಘಾಟಿ ಬಂತು, ಕಾರು ಜಗ್ಗದೆ ಹತ್ತಿತು, ಹತ್ತಿ ಇಳಿಯಿತು. ಅತ್ತೆಯೇ "ಓಡಿಸಪ್ಪಾ, ಓಡಿಸು!" ಎಂದು ಕೂಗಿದಳು. ಮೂವತ್ತು ಮೈಲಿ ಎಲ್ಲೂ ನಿಲ್ಲದೆ ಅವನು ಆಸ್ಪತ್ರೆಯ ಮೆಟ್ಟಿಲಿಗೇ ಕಾರು ತಂದು ನಿಲ್ಲಿಸಿದ. ಹೊತ್ತು ನೆತ್ತಿಗೆ ಬರುವ ಮೊದಲೇ ಮಗುವಿನ ಅಳು ಹೊರಗಿನ ತನಕ ಕೇಳಿಸಿತು.

ಮರಳುವಾಗ ಅವನು ಏಳು ಹಳ್ಳಿಯಲ್ಲೂ ಹಾರ್ನ್ ಒತ್ತುತ್ತ ಬಂದ. ಜನ ಬೀದಿಗೆ ಬಂದು ಕಾರಿಗೆ ಅಡ್ಡ ನಿಂತು ಅವನನ್ನು ಇಳಿಸಿಕೊಂಡರು. ಹೆಂಗಸರು ಬಾನೆಟ್ಟಿಗೆ ಕುಂಕುಮ ಹಚ್ಚಿದರು. ಮರಿಬಸಪ್ಪ ಮಾತ್ರ ಕಾರಿನ ಹಿಂದಕ್ಕೆ ಹೋಗಿ ಮುಚ್ಚಳದ ಮೇಲೆ ಒಂದು ಹೂವಿಟ್ಟ.

ಶಂಭುಲಿಂಗನ ಮುಖ ಅರಳಿತು. "ಹಾಗಾದರೆ ಆ ಮೂವರಿಗಿಂತ ಖುರ್ಷಿದಾ ಹೆಚ್ಚು ಕಲಿತವಳು," ಎಂದ.

"ನಾಲ್ವರೂ ಕಲಿತದ್ದು ಒಂದೇ ಸಮ ಮಗು, ಆ ಮನುಷ್ಯನ ಮಾತು ಮುಗಿಯುವ ತನಕ ಕೂತವಳು ಅವಳೊಬ್ಬಳೇ," ಎಂದರು ಗುರುಗಳು.